ಎರಡು ಈಚಲುಗಳು

(ಬೇಣದ ಅಂಚಿನಲ್ಲಿ ಸೇರಿದ್ದ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹರೂಪ)



ಈ ದಿನ ಮಾತನಾಡಲು ನನಗೆ ಕೊಟ್ಟಿರುವ ವಿಷಯ 'ಈಚಲು'. ಏಕವಚನದಲ್ಲಿ ಕೊಟ್ಟಿದ್ದಾರೆ. ಅದನ್ನು ನಾನು ಬಹುವಚನ ಮಾಡಿಕೊಳ್ಳಬೇಕಾಗಿದೆ. ಏಕೆಂದರೆ ನಾವೀಗ ನಿಂತಿರುವ ಈ ಗುಡ್ಡದಲ್ಲಿ ಇರುವುದು ಒಂದು ಈಚಲಲ್ಲ, ಎರಡು. ಕೆಳಗೆ ಹಳ್ಳದ ಬದಿಯಲ್ಲಿ ಎತ್ತರವಾಗಿ ಒಂಟಿಯಾಗಿ ನಿಂತಿರುವುದು ಒಂದು. ಇಲ್ಲಿ ನಮ್ಮ ಮೊಣಕಾಲಿಗೆ ಚುಚ್ಚುತ್ತ, ಹುಲ್ಲಿನ ನಡುವೆ ಹಿಂಡಾಗಿ ಕುಳಿತಿರುವುದು ಇನ್ನೊಂದು. ಇವೆರಡನ್ನೂ ಒಂದೆಂದು ಬಗೆದು ನಾನು ಒಮ್ಮೆ ದೊಡ್ಡ ತಪ್ಪು ಮಾಡಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮ್ಮಲ್ಲಿ ಕೆಲವರು ಆಗ ಇಲ್ಲೇ ಇದ್ದಿರಿ. ನಾನು ಮರೆಮಾಚಿದರೂ ನೀವು ಮರೆತಿರಲಾರಿರಿ.

ಸುಮಾರು ಹದಿನೈದು ವರ್ಷಗಳ ಹಿಂದಿನ ಮಾತು. ಡಾಕ್ಟರೇಟ್ ಪಡೆದು ಊರ ಕಡೆಗೆ ಮರಳಿದ ಹೊಸತು. ಪೊರಕೆ ಕಟ್ಟುವ ಹೆಂಗಸರು ಈಚಲ ಸೊಪ್ಪು ಸಿಗುತ್ತಿಲ್ಲವೆಂದು ಹೇಳುತ್ತಿದ್ದರು. ಆಗ ಒಂದು ಯೋಜನೆಯಲ್ಲಿ ಸಸಿ ನೆಡಲು ಹಣವಿತ್ತು. ನಾನು ಉತ್ಸಾಹದಿಂದ ಟಿಪ್ಪಣಿ ಬರೆದುಕೊಟ್ಟೆ. ಬಯಲುಸೀಮೆಯಿಂದ ಈಚಲ ಬೀಜ ತರಿಸಿ, ಪಾಲಿಥಿನ್ ಚೀಲಗಳಲ್ಲಿ ಮೊಳೆಯಿಸಿ, ನಾನೂರು ಸಸಿಗಳನ್ನು ಈ ಬೇಣಕ್ಕೆ ಹೊತ್ತು ತಂದೆವು. ಗುಂಡಿ ತೋಡುವ ಮೊದಲು ಕೆಲಸದವರು ವಾಡಿಕೆಯಂತೆ ಜಾಗ ಹಸನುಗೊಳಿಸಿದರು, ಪೊದೆ ಸವರಿದರು. ಸಂಜೆ ಕೆಲಸ ನೋಡಲು ಬಂದಾಗ ಒಬ್ಬ ಅಜ್ಜಿ ಸವರಿದ ರಾಶಿಯ ಪಕ್ಕದಲ್ಲಿ ಕುಳಿತು, ಬಾಡುತ್ತಿದ್ದ ಸೊಪ್ಪನ್ನು ಆರಿಸಿ ಕಟ್ಟುತ್ತಿದ್ದರು. ತಲೆ ಎತ್ತದೆಯೇ ಹೇಳಿದರು: "ಈಚಲು ಕಿತ್ತು ಈಚಲು ನೆಟ್ಟಿರಲ್ಲ, ಮೇಷ್ಟ್ರೇ."

೧೯೮೭ರಲ್ಲಿ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಸಸಿಗಳನ್ನು ನೆಟ್ಟ 'ಕಿತ್ತಿಕೋ-ಹಚ್ಚಿಕೋ' ಸತ್ಯಾಗ್ರಹದ ಸಂಗತಿಯನ್ನು ನಾವೆಲ್ಲ ಹೆಮ್ಮೆಯಿಂದ ನೆನೆಯುತ್ತೇವೆ. ನಾನು ಮಾಡಿದ್ದೂ ಕಿತ್ತಿಕೋ-ಹಚ್ಚಿಕೋ ಕಾರ್ಯವೇ, ಆದರೆ ತಲೆಕೆಳಗಾಗಿ. ಜನರಿಗೆ ಬೇಕಾಗಿದ್ದುದನ್ನು ಕಿತ್ತು ಬೇರೊಂದನ್ನು ಹಚ್ಚಿದ್ದೆ.

ನಾನು ಆ ಗಿಡವನ್ನು ಬಾಲ್ಯದಿಂದ ನೋಡಿರಲಿಲ್ಲವೇ? ನೋಡಿದ್ದೆ. ಆದರೆ ಅದು ದನ ಮೇಯ್ದು, ಬೆಂಕಿ ತಗುಲಿ, ಮೇಲೇಳಲಾರದೆ ಕುಳ್ಳಾಗಿ ಉಳಿದ ಈಚಲು ಎಂದೇ ಭಾವಿಸಿದ್ದೆ. ತೊಂದರೆ ತಪ್ಪಿಸಿದರೆ ಅದೂ ಮರವಾಗುತ್ತದೆ ಎಂಬ ನಂಬಿಕೆ. ಮಗುವನ್ನು ಕಂಡು 'ದೊಡ್ಡವನಾದ ಮೇಲೆ ಸರಿಹೋಗುತ್ತಾನೆ' ಎನ್ನುವಂತಹ ಮಾತು ಅದು. ಅದು ಮಗುವಲ್ಲ, ಬೆಳೆದು ನಿಂತ ಬೇರೆಯೇ ಪ್ರಭೇದವೆಂಬುದು ಹೂವು ಹಣ್ಣುಗಳನ್ನು ಪುಸ್ತಕದೊಡನೆ ಇಟ್ಟು ನೋಡಿದ ಮೇಲೆ ತಿಳಿಯಿತು.

ಈಗ ಈ ಇಬ್ಬರು ದಾಯಾದಿಗಳ ಪರಿಚಯ ಮಾಡಿಕೊಳ್ಳೋಣ.

ತಾಳೆಗಳ ಕುಟುಂಬದಲ್ಲಿ ಫೀನಿಕ್ಸ್ ಎಂಬುದೊಂದು ಕುಲ. ಇದರಲ್ಲಿ ಸುಮಾರು ೧೪ ಪ್ರಭೇದಗಳಿವೆ. ನಾವು ಅಂಗಡಿಯಿಂದ ತಂದು ತಿನ್ನುವ ಖರ್ಜೂರ ಈ ಕುಲದ ಪ್ರಖ್ಯಾತ ಸದಸ್ಯ. ನಮ್ಮ ದೊಡ್ಡ ಈಚಲು, ಅಂದರೆ ಫೀನಿಕ್ಸ್ ಸಿಲ್ವೆಸ್ಟ್ರಿಸ್, ಖರ್ಜೂರಕ್ಕೆ ಅತಿ ಸಮೀಪದ ಬಂಧುಗಳಲ್ಲೊಂದು. ಗುಡ್ಡದ ಕಿರು ಈಚಲು ಫೀನಿಕ್ಸ್ ಲೊರೇರೊಯ್. 'ಕಿರು ಈಚಲು' ಎಂಬುದು ಈ ಮಾತಿನ ಅನುಕೂಲಕ್ಕಾಗಿ ನಾನು ಇಟ್ಟುಕೊಂಡ ಹೆಸರು. ನಿಮ್ಮ ಕೇರಿಯಲ್ಲಿ ಬೇರೆ ಹೆಸರಿದ್ದರೆ ಅದನ್ನೇ ಬಳಸಿರಿ, ನನಗೂ ತಿಳಿಸಿರಿ.

ಇಬ್ಬರಿಗೂ ಸಮಾನವಾದ ಕುಲಲಕ್ಷಣಗಳು ಮೂರು. ತೆಂಗಿನ ಒಂದು ಗರಿಯನ್ನು ಬುಡದ ಬಳಿ ಅಡ್ಡಲಾಗಿ ಕೊಯ್ದು ನೋಡಿರಿ. ಅದು ಮನೆಯ ಮಾಡಿನಂತೆ ಕೆಳಮುಖವಾಗಿ ಮಡಿಚಿರುತ್ತದೆ. ಈಚಲ ಗರಿ ದೋಣಿಯಂತೆ ಮೇಲ್ಮುಖವಾಗಿ ಮಡಿಚಿರುತ್ತದೆ. ಸೋಗೆಯ ಬುಡದ ಗರಿಗಳೇ ಬಿರುಸಾಗಿ ಮುಳ್ಳುಗಳಾಗಿರುವುದು ಎರಡನೆಯ ಲಕ್ಷಣ; ಇದಕ್ಕೆ ನಿಮ್ಮ ಕಾಲುಗಳೇ ಸಾಕ್ಷಿ. ಮೂರನೆಯದು ಹೆಚ್ಚು ಮುಖ್ಯವಾದುದು: ಈ ಕುಲದಲ್ಲಿ ಗಂಡು ಹೂವು ಒಂದು ಗಿಡದಲ್ಲಿ, ಹೆಣ್ಣು ಹೂವು ಇನ್ನೊಂದು ಗಿಡದಲ್ಲಿ. ಹಣ್ಣು ಬಿಡದ ಗಿಡವನ್ನು 'ಗೊಡ್ಡು' ಎಂದು ಕಡಿದು ಹಾಕುವವರನ್ನು ನಾನು ಕಂಡಿದ್ದೇನೆ. ಗೊಡ್ಡೆಂದು ಕಡಿದದ್ದು ಬಹುಶಃ ಆ ಸುತ್ತಿನ ಏಕೈಕ ಗಂಡಾಗಿತ್ತು! ಅದರ ಮರುವರ್ಷದಿಂದ ಉಳಿದವೂ ಗೊಡ್ಡಾದವು.

ಇನ್ನು ಭೇದಗಳು. ದೊಡ್ಡ ಈಚಲು ಒಂಟಿ ಕಾಂಡದ ಮರ. ಕಂದು ಒಡೆದು ಹಿಂಡಾಗುವ ಸ್ವಭಾವ ಅದಕ್ಕಿಲ್ಲ. ೧೦ರಿಂದ ೧೫ ಮೀಟರ್ ಎತ್ತರಕ್ಕೆ ಏರಬಲ್ಲದು. ಮೈತುಂಬ ಉದುರಿದ ಸೋಗೆಗಳ ಬುಡಗಳು ಚೌಕುಳಿ ಚೌಕುಳಿಯಾಗಿ ಉಳಿದಿರುತ್ತವೆ. ಸೋಗೆಗಳು ಬೂದು ಮಿಶ್ರಿತ ಹಸಿರು, ತಲೆ ದುಂಡನೆಯ ಚೆಂಡು. ಹಣ್ಣು ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ, ಮಾಗಿದಾಗ ಕಿತ್ತಳೆ ಹಳದಿ. ಕಿರು ಈಚಲು ಒಂಟಿಯಾಗಿಯೂ ಇರಬಹುದು, ಬುಡದಲ್ಲಿ ಕಂದು ಒಡೆದು ಹಿಂಡಾಗಿಯೂ ಬೆಳೆಯಬಹುದು. ಕಾಂಡ ಸಾಮಾನ್ಯವಾಗಿ ಒಂದರಿಂದ ನಾಲ್ಕು ಮೀಟರ್. ಎಷ್ಟೋ ಕಡೆ ಕಾಂಡವೇ ಇಲ್ಲವೆಂಬಂತೆ ನೆಲಕ್ಕಂಟಿ ಕುಳಿತಿರುತ್ತದೆ. ಹಣ್ಣು ಒಂದೂವರೆ ಸೆಂಟಿಮೀಟರಿನ ಆಸುಪಾಸು, ಮೊದಲು ಕಿತ್ತಳೆ ಬಣ್ಣಕ್ಕೆ ತಿರುಗಿ ಪೂರ್ತಿ ಮಾಗಿದಾಗ ನೇರಳೆಗಪ್ಪು. ಹಣ್ಣಿನ ಬಣ್ಣವೊಂದನ್ನು ನೆನಪಿಟ್ಟರೂ ಸಾಕು, ನೀವು ನನ್ನಂತೆ ಮೋಸಹೋಗುವುದಿಲ್ಲ. ಆದರೆ ಸಸಿಯಲ್ಲಿ ಗುರುತಿಸುವುದು ಬಹಳ ಕಷ್ಟ. ಈ ಕುಲದ ಎಲ್ಲ ಸಸಿಗಳ ಮೊದಲ ಎಲೆ ಹುಲ್ಲಿನ ಎಸಳಿನಂತೆಯೇ ಇರುತ್ತದೆ. ನರ್ಸರಿಯ ಸಾಲಿನಲ್ಲಿ ನಿಂತು ಇದು ಯಾವ ಈಚಲು ಎಂದು ಕೇಳಿದರೆ ಸಸಿ ಉತ್ತರ ಹೇಳುವುದಿಲ್ಲ. ಬೀಜ ತಂದವನೇ ಹೇಳಬೇಕು.

ಹೆಸರುಗಳ ಕಥೆಯೂ ಸ್ವಾರಸ್ಯವಾಗಿದೆ. 'ಸಿಲ್ವೆಸ್ಟ್ರಿಸ್' ಎಂದರೆ ಕಾಡಿನದು ಎಂದರ್ಥ. ಹದಿನೇಳನೆಯ ಶತಮಾನದಲ್ಲಿ ಕೇರಳದಲ್ಲಿ ಸಿದ್ಧವಾದ 'ಹಾರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ 'ಕಾಟು ಇಂದೆಲ್' ಎಂಬ ಮಲಯಾಳದ ಹೆಸರಿನಡಿ ಇದರ ಚಿತ್ರವಿದೆ. ೧೭೫೩ರಲ್ಲಿ ಲಿನೇಯಸ್ ಹೆಸರಿಡುವಾಗ ಆ ಚಿತ್ರವನ್ನು ಆಧರಿಸಿದನು. ಹೀಗೆ ಕಾಡಿನದೆಂದು ಹೆಸರು ಪಡೆದ ಮರ ವಾಸ್ತವದಲ್ಲಿ ಊರಿನ ಸಂಗಾತಿ: ಕೆರೆಯ ಕೋಡಿ, ಹಳ್ಳದ ದಂಡೆ, ಹೊಲದ ಬದು, ಉಳುಮೆ ಬಿಟ್ಟ ಬಯಲು ಇದರ ನೆಲೆ. ಗುಡ್ಡದ ಹುಲ್ಲಿನಲ್ಲಿ ನಿಜವಾಗಿ ಕಾಡಿನ ಬಾಳು ಬಾಳುವ ಕಿರಿಯನಿಗೆ ಒಬ್ಬ ಪರದೇಶಿ ಪಾದ್ರಿಯ ಹೆಸರು. ವಿಯೆಟ್ನಾಂ ಪ್ರದೇಶದಲ್ಲಿ ನೆಲೆಸಿದ್ದ ಪೋರ್ಚುಗೀಸ್ ಪಾದ್ರಿ ಲೊರೇರೊ ೧೭೯೦ರಲ್ಲಿ ಇದನ್ನು ವರ್ಣಿಸಿ 'ಪುಸಿಲ್ಲಾ' ಎಂದು ಹೆಸರಿಟ್ಟ. ಆ ಹೆಸರನ್ನು ಎರಡು ವರ್ಷ ಮೊದಲೇ ಬೇರೊಂದು ಈಚಲಿಗೆ ಇಡಲಾಗಿತ್ತು. ಆದುದರಿಂದ ೧೮೪೧ರಲ್ಲಿ ಕುಂತ್ ಎಂಬ ಸಸ್ಯವಿಜ್ಞಾನಿ ಲೊರೇರೊನ ಹೆಸರನ್ನೇ ಗಿಡಕ್ಕೆ ಕೊಟ್ಟ. ನಮ್ಮ ಭಾಗದ ಹಳೆಯ ಸಸ್ಯಗ್ರಂಥಗಳಲ್ಲಿ ಹುಡುಕುವ ವಿದ್ಯಾರ್ಥಿಗಳು ಇದನ್ನು 'ಫೀನಿಕ್ಸ್ ಹ್ಯೂಮಿಲಿಸ್' ಎಂಬ ಹೆಸರಿನಲ್ಲಿ ಕಾಣುವಿರಿ. ಹ್ಯೂಮಿಲಿಸ್ ಎಂದರೆ ನೆಲಕ್ಕೆ ತಗ್ಗಿದ್ದು. ನನಗೆ ಆ ಹೆಸರೇ ಹೆಚ್ಚು ಇಷ್ಟ.

ದೊಡ್ಡ ಈಚಲಿನ ಬಗ್ಗೆ ನಮ್ಮ ಜನರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಹೆಂಡವೆನ್ನುತ್ತಾರೆ ಎಂಬ ಗಾದೆಯೇ ಅದರ ಚರಿತ್ರೆಯನ್ನು ಹೇಳುತ್ತದೆ. ತಲೆಯ ಬಳಿ ಒಂದು ಬದಿಯ ಸೋಗೆಗಳನ್ನು ತೆಗೆದು, ಎಳೆಯ ಕಾಂಡವನ್ನು ತೆಳುವಾಗಿ ಕೆತ್ತಿದರೆ ರಸ ಜಿನುಗುತ್ತದೆ. ಮುಂದಿನ ವರ್ಷ ಎದುರು ಬದಿಯಲ್ಲಿ ಕೆತ್ತುತ್ತಾರೆ. ಹೀಗೆ ಮರದ ಮೈಮೇಲೆ ಎಡಬಲ ಮೆಟ್ಟಿಲುಗಳು ಮೂಡುತ್ತವೆ. ಅವನ್ನು ಎಣಿಸಿ ಎಷ್ಟು ವರ್ಷ ರಸ ಇಳಿಸಿದ್ದಾರೆಂದು ಹೇಳಬಹುದು. ಬಂಗಾಳದಲ್ಲಿ ಚಳಿಗಾಲದ ಈ ರಸವನ್ನು ಕಾಯಿಸಿ ಬೆಲ್ಲ ಮಾಡುತ್ತಾರೆ, ಅಲ್ಲಿನ ಸಿಹಿತಿಂಡಿಗಳ ಪರಿಮಳ ಅದರದೇ. ಹಸಿ ರಸದ ವಿಷಯದಲ್ಲಿ ಒಂದು ಎಚ್ಚರಿಕೆ: ಬಾಂಗ್ಲಾದೇಶದಲ್ಲಿ ೨೦೦೧ರಿಂದೀಚೆಗೆ ಕಾಣಿಸಿಕೊಂಡ ನಿಫಾ ರೋಗದ ಹಲವು ಪ್ರಕರಣಗಳಿಗೆ, ರಾತ್ರಿ ಮಡಕೆಗೆ ಬಾಯಿಡುವ ದೊಡ್ಡ ಬಾವಲಿಗಳಿಂದ ಕಲುಷಿತವಾದ ಹಸಿ ರಸವೇ ಕಾರಣವೆಂದು ಕಂಡುಬಂದಿದೆ. ಮಡಕೆಗೂ ಕೆತ್ತಿದ ಜಾಗಕ್ಕೂ ಚಾಪೆ ಕಟ್ಟಿದರೆ ಬಾವಲಿ ಸುಳಿಯದು, ಕಾಯಿಸಿದರೆ ಭಯವಿಲ್ಲ.

ನನ್ನ ಮನಸ್ಸಿರುವುದು ಕಿರಿಯನ ಮೇಲೆ. ಈ ಗಿಡದಿಂದ ಯಾರೂ ಹೆಂಡ ಇಳಿಸಲಿಲ್ಲ, ಬೆಲ್ಲ ಕಾಯಿಸಲಿಲ್ಲ. ಆದುದರಿಂದ ಯಾವ ಅಬಕಾರಿ ಇಲಾಖೆಯೂ ಇದನ್ನು ಎಣಿಸಲಿಲ್ಲ. ಇದರ ಸೊಪ್ಪಿನಿಂದ ಪೊರಕೆ ಕಟ್ಟಿದವರು ಬಡ ಹೆಂಗಸರು. ಅವರ ಲೆಕ್ಕವನ್ನು ಯಾರು ಇಟ್ಟಾರು? ಹಣ್ಣು ತಿಂದವರು ದನಗಾಹಿ ಮಕ್ಕಳು ಮತ್ತು ಕರಡಿಗಳು. ಅವರೂ ರಸೀದಿ ಕೊಡುವವರಲ್ಲ.

ಇದು ಬಾಳುವ ಜಾಗವನ್ನು ಗಮನಿಸಿರಿ. ಕುದುರೆಮುಖದ ಕಡೆಯ ಹುಲ್ಲುಗುಡ್ಡಗಳಲ್ಲಿ ನೆಲ್ಲಿ, ಕವಲು ಮರಗಳು ಅಲ್ಲೊಂದು ಇಲ್ಲೊಂದು ನಿಂತಿರುವ ಇಳಿಜಾರಿನಲ್ಲಿ ಇದು ಕಾಣುತ್ತದೆ. ಈ ಸಂಗಡಿಗರೆಲ್ಲ ಬೆಂಕಿಯನ್ನು ಸಹಿಸಿ ಬಾಳುವವರು. ಸಾಮಾನ್ಯ ಮರದಲ್ಲಿ ಜೀವಂತ ಪದರ ತೊಗಟೆಯ ಕೆಳಗೇ ಉಂಗುರದಂತೆ ಇರುತ್ತದೆ. ಸುತ್ತ ಸುಟ್ಟರೆ ಮರ ಸತ್ತಿತು. ತಾಳೆಯ ಜಾತಿಗಳಲ್ಲಿ ನೀರು ಆಹಾರಗಳ ನಾಳಗಳು ಕಾಂಡದ ಒಳಗೆಲ್ಲ ಚದುರಿರುತ್ತವೆ. ಮೈ ಸುಟ್ಟರೂ ಒಳಗಿನ ಬಾಳು ನಡೆಯುತ್ತದೆ. ಕಿರು ಈಚಲಿನಲ್ಲಿ ಇದರ ಜೊತೆಗೆ ಒತ್ತೊತ್ತಾದ ಸೋಗೆಬುಡಗಳ ಹೊದಿಕೆ ಸುಳಿಯನ್ನು ಕಾಯುತ್ತದೆ. ಒಂದು ಕಾಂಡ ಹೋದರೂ ಹಿಂಡಿನಲ್ಲಿ ಇನ್ನೊಂದು ಕಂದು ಇರುತ್ತದೆ. ಬೆಂಕಿ ಹೋದ ಕೆಲವು ವಾರಗಳಲ್ಲಿ ಕಪ್ಪು ಗುಡ್ಡದ ಮೇಲೆ ಮೊದಲು ಕಾಣುವ ಹಸಿರುಗಳಲ್ಲಿ ಇದರ ಸುಳಿಯೂ ಒಂದು. ದೊಡ್ಡ ಈಚಲಿಗೂ ಬೆಳೆದ ಮೇಲೆ ಬೆಂಕಿಯ ಭಯ ಕಡಿಮೆಯೇ. ಆದರೆ ಅದಕ್ಕೆ ಇರುವುದು ಒಂದೇ ಕಾಂಡ, ಒಂದೇ ಸುಳಿ. ಎಳೆಯದರಲ್ಲಿ ಅದು ಹೋದರೆ ಎಲ್ಲವೂ ಹೋಯಿತು. ನಾನು ನೆಡಿಸಿದ ನಾನೂರು ಸಸಿಗಳಲ್ಲಿ ಬಹುಪಾಲು ಎರಡನೆಯ ಬೇಸಿಗೆಯ ಬೆಂಕಿಯಲ್ಲಿ ಮುಗಿದವು.

ಬೆಂಕಿಯ ಮಾತು ಬಂದಾಗ ಬಿಳಿಗಿರಿರಂಗನ ಬೆಟ್ಟದ ಸೋಲಿಗರನ್ನು ನೆನೆಯಲೇಬೇಕು. ಅವರ ಕಾಡಿನಲ್ಲಿಯೂ ಈ ಕಿರು ಈಚಲಿದೆ, ಅವರಿಗೂ ಇದು ಪೊರಕೆಯ ಗಿಡ. ಬೇಸಿಗೆಯ ಆರಂಭದಲ್ಲಿ, ಹುಲ್ಲು ಪೂರ್ತಿ ಒಣಗುವ ಮೊದಲು, ತರಗೆಲೆಯನ್ನು ಸಣ್ಣದಾಗಿ ಸುಡುವ 'ತರಗು ಬೆಂಕಿ' ಅವರ ಹಳೆಯ ಪದ್ಧತಿ. ೧೯೭೪ರಲ್ಲಿ ಅಲ್ಲಿ ವನ್ಯಧಾಮವಾದ ಮೇಲೆ ಅದು ನಿಂತಿತು. ಬೆಂಕಿ ನಿಂತುದರಿಂದಲೇ ಲಂಟಾನ ಕಾಡನ್ನೆಲ್ಲ ಆವರಿಸಿತೆಂದು ಸೋಲಿಗ ಹಿರಿಯರು ಹೇಳುತ್ತಾರೆ. ವಿಜ್ಞಾನಿಗಳು ಬಹುಕಾಲ ಈ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ಅದನ್ನು ಗಂಭೀರವಾಗಿ ಪರಿಶೀಲಿಸುತ್ತಿದ್ದಾರೆ. ೨೦೦೬ರ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ೨೦೧೧ರಲ್ಲಿ ಅಲ್ಲಿನ ಗ್ರಾಮಸಭೆಗಳಿಗೆ ಸಮುದಾಯ ಹಕ್ಕುಗಳು ದೊರೆತವು.

ಇದನ್ನು ಕೇಳಿ ನಾಳೆಯೇ ಯಾರೂ ಬೆಂಕಿಪೊಟ್ಟಣ ಹಿಡಿದು ಗುಡ್ಡ ಹತ್ತಬೇಡಿರಿ! ಲಂಟಾನ ತುಂಬಿದ ಕಾಡಿಗೆ ಬಿದ್ದ ಬೆಂಕಿ ತರಗು ಬೆಂಕಿಯಲ್ಲ. ೨೦೧೯ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಎಂತಹ ಜ್ವಾಲೆ ಎದ್ದಿತೆಂಬುದನ್ನು ನೋಡಿದ್ದೇವೆ. ಯಾವ ತಿಂಗಳು, ಎಷ್ಟು ಒಣಗಿದ ಹುಲ್ಲು, ಹಿಂದಿನ ಬೆಂಕಿ ಯಾವಾಗ ಎಂಬುದರ ಮೇಲೆ ಎಲ್ಲವೂ ನಿಂತಿದೆ. ನೀಲಗಿರಿ ಜೀವಮಂಡಲ ಪ್ರದೇಶದಲ್ಲಿ ಲಿಸಾ ಮ್ಯಾಂಡ್ಲ್, ತಮಾರಾ ಟಿಕ್ಟಿನ್ ಮತ್ತು ಅವರ ಸಹೋದ್ಯೋಗಿಗಳು ಇದೇ ಕಿರು ಈಚಲನ್ನು ಕುರಿತು ನಡೆಸಿದ ಅಧ್ಯಯನ ೨೦೧೨ರಿಂದೀಚೆಗೆ ಪ್ರಕಟವಾಗಿದೆ. ಬೆಂಕಿ, ಮೇಯಿಸುವಿಕೆ, ಸೊಪ್ಪು ಕೊಯ್ಲು ಈ ಮೂರನ್ನು ಬೇರೆ ಬೇರೆಯಾಗಿ ತೂಗಿ ಒಂದಕ್ಕೆ ಅಪರಾಧ ಹೊರಿಸಲಾಗದು, ಒಂದರ ಪರಿಣಾಮವನ್ನು ಇನ್ನೊಂದು ಬದಲಿಸುತ್ತದೆ ಎಂಬುದು ಆ ಕೆಲಸದ ತಿರುಳು. ಪೊರಕೆಯವರಿಂದಲೇ ಈಚಲು ನಾಶವಾಯಿತೆಂದು ಸುಲಭವಾಗಿ ಹೇಳುವವರು ಇದನ್ನು ಗಮನಿಸಬೇಕು.

ಈ ಗುಡ್ಡದಲ್ಲಿ ನಾನು ಕಂಡ ಮಟ್ಟಿಗೆ ಪೊರಕೆಗಿಂತ ನೆರಳು ದೊಡ್ಡ ಶತ್ರು. ಆಚೆಯ ಇಳಿಜಾರಿನ ಅಕೇಶಿಯಾ ತೋಪಿಗೆ ಹೋಗಿ ನೋಡಿರಿ. ಹುಲ್ಲುಗುಡ್ಡವೆಂದರೆ ದಾಖಲೆಯಲ್ಲಿ ಬಂಜರು. ಬಂಜರೆಂದ ಮೇಲೆ ಮರ ನೆಡಲೇಬೇಕು ಎಂಬ ಹಟದಿಂದ ಎದ್ದ ತೋಪದು. ಅದರ ಅಂಚಿನಲ್ಲಿ, ಬೆಳಕು ಬೀಳುವಲ್ಲಿ, ಕಿರು ಈಚಲು ಇನ್ನೂ ಹೂ ಬಿಡುತ್ತಿದೆ. ಹತ್ತು ಹೆಜ್ಜೆ ಒಳಗೆ ಹೋದರೆ ಎರಡು ಮೂರು ಬಡಕಲು ಸೋಗೆಗಳ ಗಿಡಗಳು, ಹೂವಿಲ್ಲ. ಇನ್ನೂ ಒಳಗೆ ಕಪ್ಪಾದ ಬುಡಗಳು ಮಾತ್ರ. ಯಾರೂ ಅವುಗಳ ಸೊಪ್ಪು ಕೊಯ್ದಿಲ್ಲ. ಅಲ್ಲಿ ಕೊಯ್ಯುವಂತಹ ಸೊಪ್ಪೇ ಇರಲಿಲ್ಲ.

ಕೊಯ್ಲಿನ ಬಗ್ಗೆ ತಾಯಂದಿರಿಗೆ ನಾನು ಪಾಠ ಹೇಳುವುದು ಅಧಿಕಪ್ರಸಂಗ. ಅವರಿಂದಲೇ ಕಲಿತದ್ದನ್ನು ವಿದ್ಯಾರ್ಥಿಗಳಿಗಾಗಿ ಹೇಳುತ್ತೇನೆ. ಸುಳಿಯನ್ನೂ ಅದನ್ನು ಸುತ್ತಿದ ಎಳೆಯ ಸೋಗೆಗಳನ್ನೂ ಮುಟ್ಟುವುದಿಲ್ಲ. ಬಲಿತ ಹೊರ ಸೋಗೆಗಳನ್ನು ಕುಡುಗೋಲಿನಿಂದ ಕೊಯ್ಯುತ್ತಾರೆ, ಜಗ್ಗಿ ಕೀಳುವುದಿಲ್ಲ. ಈ ವರ್ಷ ಕೊಯ್ದ ಹಿಂಡನ್ನು ಮರುವರ್ಷ ಬಿಡುತ್ತಾರೆ. ಗುತ್ತಿಗೆದಾರನ ಆಳುಗಳು ಬಂದ ವರ್ಷಗಳಲ್ಲಿ ಈ ನಿಯಮಗಳು ಮುರಿದವು. ಮುಂದಿನ ವರ್ಷವೂ ಇಲ್ಲಿಗೇ ಬರಬೇಕಾದವರ ಕೈಗೂ, ಲಾರಿ ತುಂಬಿದರೆ ಸಾಕೆನ್ನುವವರ ಕೈಗೂ ವ್ಯತ್ಯಾಸವಿದೆ.

ಆ ನಾನೂರರಲ್ಲಿ ಉಳಿದವುಗಳ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಹಳ್ಳದ ಬದಿಗೆ, ತೇವವಿದ್ದಲ್ಲಿ ನೆಟ್ಟವುಗಳಲ್ಲಿ ಹನ್ನೊಂದು ಬದುಕಿದವು. ಅವೇ ನಿಮಗೆ ಕೆಳಗೆ ಕಾಣುತ್ತಿರುವ ದೊಡ್ಡ ಈಚಲುಗಳು. ಕಳೆದ ಮಳೆಗಾಲದಲ್ಲಿ ಒಂದರಲ್ಲಿ ಗೀಜಗಗಳು ಗೂಡು ನೇಯ್ದಿದ್ದವು. ಪೊರಕೆಯವರಿಗೆ ಅವುಗಳಿಂದ ಉಪಯೋಗವಿಲ್ಲ. ಸೋಗೆ ಕೈಗೆಟಕದು, ಗರಿ ಅವರಿಗೆ ಬೇಕಾದಷ್ಟು ಮೆದುವಲ್ಲ. ಇಷ್ಟೇ ಆಗಿದ್ದರೆ ನಿಲ್ಲಲಿ ಬಿಡಿ ಎನ್ನಬಹುದಾಗಿತ್ತು. ಆದರೆ ಫೀನಿಕ್ಸ್ ಕುಲದಲ್ಲಿ ಒಂದು ಪ್ರಭೇದದ ಪರಾಗ ಇನ್ನೊಂದಕ್ಕೆ ಸುಲಭವಾಗಿ ಕೂಡುತ್ತದೆ. ತೋಟಗಳಲ್ಲಿ ಹತ್ತಿರ ಹತ್ತಿರ ನೆಟ್ಟಾಗ ಮಿಶ್ರ ಸಂತಾನ ಹುಟ್ಟುವುದು ಸಾಮಾನ್ಯ. ಹನ್ನೊಂದರಲ್ಲಿ ಆರು ಈಗಾಗಲೇ ಹೂ ಬಿಟ್ಟಿವೆ. ಅವುಗಳಲ್ಲಿ ನಾಲ್ಕು ಗಂಡು. ನೂರು ಮಾರು ಮೇಲೆ ಈ ಹೆಣ್ಣು ಹಿಂಡುಗಳಿವೆ. ಎರಡೂ ಒಂದೇ ಕಾಲಕ್ಕೆ ಅರಳುತ್ತವೆಯೇ ಎಂಬುದರ ಮೇಲೆ ಮುಂದಿನ ತೀರ್ಮಾನ ನಿಂತಿದೆ. ಕಳೆದ ಎರಡು ವರ್ಷ ನನ್ನ ಪುಸ್ತಕದಲ್ಲಿ ಅವು ಬೇರೆ ಬೇರೆ ವಾರಗಳಲ್ಲಿ ಅರಳಿದವು, ಆದರೆ ನಡುವಿನ ಅಂತರ ಹೆಚ್ಚಿರಲಿಲ್ಲ. ನಾನೇ ನೆಟ್ಟ ಮರಗಳನ್ನು ನಾನೇ ಕಡಿಯಬೇಕಾದೀತೇ ಎಂದು ಯೋಚಿಸುತ್ತಿದ್ದೇನೆ. ಗೀಜಗದ ಗೂಡು ನೋಡಿದಾಗ ಮನಸ್ಸು ಬಾರದು.

ಆದುದರಿಂದ ವಿದ್ಯಾರ್ಥಿಗಳಿಂದ ಒಂದು ಸಹಾಯ ಬೇಕಾಗಿದೆ. ಜನವರಿಯಿಂದ ಏಪ್ರಿಲ್‌ವರೆಗೆ ವಾರಕ್ಕೊಮ್ಮೆ ಇಬ್ಬರು ಇಲ್ಲಿಗೆ ಬಂದು ಯಾವ ಗಿಡದ ಹೊಂಬಾಳೆ ಯಾವ ದಿನ ಒಡೆಯಿತೆಂದು ಬರೆದಿಡಬೇಕು. ಕೆಳಗಿನ ಹನ್ನೊಂದಕ್ಕೂ ಮೇಲಿನ ನಲವತ್ತು ಹಿಂಡುಗಳಿಗೂ ಸಂಖ್ಯೆ ಬರೆದ ತಗಡು ಕಟ್ಟಿದ್ದೇನೆ. ಈಗ ಹೊರಡೋಣ, ಬಿಸಿಲು ಏರುವ ಮೊದಲು ತೋಪಿನ ಅಂಚನ್ನು ನೋಡಿ ಬರಬಹುದು. ಚಪ್ಪಲಿ ಹಾಕಿದವರು ಹಿಂದೆ ಬನ್ನಿರಿ, ಮುಳ್ಳು ಕಣಕಾಲಿಗೇ ತಗಲುತ್ತದೆ.